ತಟ್ಟೆಗೆ ಮುನ್ನ ಒಂದು ಕಥೆ

ಕೆಲವು ವರ್ಷಗಳ ಹಿಂದೆ ಮನೆ ಆಶೀರ್ವಾದಕ್ಕೆಂದು ನಮ್ಮ ಕಾಸರಗೋಡು ಕಡೆಯ ಒಂದು ಕುಟುಂಬಕ್ಕೆ ಹೋಗಿದ್ದೆ. ಊಟಕ್ಕೆ ಕುಳಿತಾಗ ಆ ಮನೆಯ ನಾಲ್ಕು ವರ್ಷದ ಮಗು ಹರಿವೆ ಸೊಪ್ಪಿನ ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳಿ, ಬಾಯಿ ಬಿಗಿಹಿಡಿದು ಕುಳಿತುಬಿಟ್ಟಿತು. “ಫಾದರ್, ನೀವಾದರೂ ಸ್ವಲ್ಪ ಹೇಳಿ” ಎಂದರು ತಾಯಿ. ನಾನು ದನಿ ಎತ್ತರಿಸಿ, “ಪಲ್ಯ ತಿನ್ನದಿದ್ದರೆ ಯೇಸುಸ್ವಾಮಿಗೆ ಕೋಪ ಬರುತ್ತದೆ” ಎಂದುಬಿಟ್ಟೆ. ಮಗು ಅಳುತ್ತಲೇ ಒಂದು ತುತ್ತು ನುಂಗಿತು. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ನನ್ನನ್ನು ಕಂಡದ್ದೇ ತಾಯಿಯ ಸೆರಗಿನ ಹಿಂದೆ ಅಡಗಿಕೊಂಡಿತು. ಹೊಟ್ಟೆಗೆ ಹೋದದ್ದು ಒಂದು ತುತ್ತು ಸೊಪ್ಪು. ಮನಸ್ಸಿಗೆ ಹೋದದ್ದು ಕೋಲು ಹಿಡಿದ ದೇವರು. ಆ ತಪ್ಪು ನನ್ನದೇ.

ಹಟವೋ, ಅಂಜಿಕೆಯೋ?

ಪ್ರಿಯ ತಂದೆತಾಯಿಯರೇ, ಎರಡರಿಂದ ಆರು ವರ್ಷದ ಮಕ್ಕಳು ಗುರುತಿಲ್ಲದ ಪದಾರ್ಥವನ್ನು ದೂರ ತಳ್ಳಿದರೆ ಅದನ್ನು ಹಟವೆಂದೇ ತಿಳಿಯಬೇಕಾಗಿಲ್ಲ. ಹೊಸ ರುಚಿಯ ಬಗ್ಗೆ ಅಂಜಿಕೆ ಆ ವಯಸ್ಸಿಗೆ ಸಹಜ. ಒಂದೇ ತರಕಾರಿಯನ್ನು ಒತ್ತಾಯವಿಲ್ಲದೆ, ಚೂರು ಚೂರಾಗಿ ಹತ್ತು ಹದಿನೈದು ಸಲ ಮುಂದಿಟ್ಟ ಮೇಲೆ ಅನೇಕ ಮಕ್ಕಳು ಅದಕ್ಕೆ ಒಗ್ಗಿಕೊಳ್ಳುತ್ತಾರೆ. ನಾವಾದರೋ ಮೂರನೆಯ ಸಲಕ್ಕೇ “ನಮ್ಮ ಮಗುವಿಗೆ ಅದು ಸೇರುವುದಿಲ್ಲ” ಎಂದು ಕೈಬಿಡುತ್ತೇವೆ, ಇಲ್ಲವೇ ಗದರುತ್ತೇವೆ.

ಇಲ್ಲಿ ಕಥೆಪುಸ್ತಕ ನೆರವಿಗೆ ಬರುತ್ತದೆ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಒಂದೊಂದು ತರಕಾರಿಯ ಬಗ್ಗೆ ಚಿತ್ರಪುಸ್ತಕ ಮಾಡಿ, ಎರಡು ವಾರ ದಿನವೂ ಮಕ್ಕಳೊಂದಿಗೆ ನೋಡುವಂತೆ ಹೆತ್ತವರಿಗೆ ಕೊಟ್ಟರು. ಆಮೇಲೆ ಅದೇ ತರಕಾರಿ ತಟ್ಟೆಗೆ ಬಂದಾಗ, ಪುಸ್ತಕ ನೋಡಿದ್ದ ಮಕ್ಕಳು ಅದನ್ನು ಹೆಚ್ಚು ಸುಲಭವಾಗಿ ಬಾಯಿಗಿಟ್ಟರು. ಅಮ್ಮನ ಮಡಿಲಲ್ಲಿ ಕುಳಿತು ಪರಿಚಯ ಮಾಡಿಕೊಂಡ ತರಕಾರಿ ತಟ್ಟೆಯಲ್ಲಿ ಅಪರಿಚಿತ ಅನಿಸುವುದಿಲ್ಲ.

ಹಸಿದ ಕಂಬಳಿಹುಳು

ಎರಿಕ್ ಕಾರ್ಲ್ ಬರೆದು ಚಿತ್ರಿಸಿದ ‘ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್’ 1969ರಲ್ಲಿ ಪ್ರಕಟವಾಯಿತು. ಹಸಿದ ಕಂಬಳಿಹುಳುವೊಂದು ಸೋಮವಾರ ಒಂದು ಸೇಬಿನಿಂದ ತೊಡಗಿ ಶುಕ್ರವಾರ ಐದು ಕಿತ್ತಳೆಯವರೆಗೆ ಹಣ್ಣು ತಿನ್ನುತ್ತದೆ. ಶನಿವಾರ ಕೇಕು, ಐಸ್‌ಕ್ರೀಂ, ಲಾಲಿಪಾಪ್ ಎಂದು ಸಿಕ್ಕಿದ್ದನ್ನೆಲ್ಲ ತಿಂದು ಹೊಟ್ಟೆನೋವಿನಿಂದ ನರಳುತ್ತದೆ. ಮರುದಿನ ಒಂದು ಹಸಿರೆಲೆ ತಿಂದು ಸುಧಾರಿಸಿಕೊಳ್ಳುತ್ತದೆ, ಕಡೆಗೆ ಚಿಟ್ಟೆಯಾಗುತ್ತದೆ. ಇಡೀ ಪುಸ್ತಕದಲ್ಲಿ ‘ಸೊಪ್ಪು ತಿನ್ನಿ’ ಎಂಬ ಉಪದೇಶವೇ ಇಲ್ಲ. ಉಪದೇಶ ಮಾಡುವುದೇ ಕೆಲಸವಾದ ನನ್ನಂಥವರಿಗೆ ಇದೊಂದು ಪಾಠ.

ನಮ್ಮ ಬೈಬಲಿನಲ್ಲೂ ಇಂಥ ಕಥೆಯಿದೆ. ದಾನಿಯೇಲನೂ ಅವನ ಮೂವರು ಗೆಳೆಯರೂ ಬಾಬಿಲೋನಿನ ರಾಜನ ಭೋಜನವನ್ನು ಬಿಟ್ಟು ಹತ್ತು ದಿನ ಕಾಯಿಪಲ್ಯ, ನೀರು ಮಾತ್ರ ಸೇವಿಸಿದರು. ಹತ್ತು ದಿನ ಕಳೆದಾಗ ಉಳಿದವರಿಗಿಂತ ಅವರೇ ಕಳೆಕಳೆಯಾಗಿದ್ದರು. ಅವರು ಹಾಗೆ ಮಾಡಿದ್ದು ದೇವರ ಮೇಲಿನ ನಿಷ್ಠೆಯಿಂದ ಎಂಬುದನ್ನು ಮಕ್ಕಳಿಗೆ ಹೇಳಲು ಮರೆಯಬೇಡಿ. ಆ ಹತ್ತು ದಿನಗಳ ಕುತೂಹಲವನ್ನಂತೂ ಅವರು ತಾವಾಗಿಯೇ ಹಿಡಿದುಕೊಳ್ಳುತ್ತಾರೆ.

ಮನೆಯಲ್ಲೇ ಒಂದು ಪುಸ್ತಕ

ಕನ್ನಡದ ಮಕ್ಕಳ ಪುಸ್ತಕಗಳು ನಮ್ಮ ಗಡಿನಾಡಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗದಿದ್ದರೆ ಚಿಂತಿಸಬೇಡಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನು ಮೊಬೈಲಿನಲ್ಲೇ ಉಚಿತವಾಗಿ ಓದಬಹುದು. ಅದಕ್ಕಿಂತ ಸೊಗಸಾದದ್ದು ಮನೆಯಲ್ಲೇ ಮಾಡಿದ ಪುಸ್ತಕ. ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನೇ ನೋಡಿ: ಮಕ್ಕಳು ಒಂಬತ್ತು ದಿನ ಮರಿಯಮ್ಮನವರಿಗೆ ಹೂ ಅರ್ಪಿಸುತ್ತಾರೆ, ಹಬ್ಬದಂದು ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ, ಊಟಕ್ಕೆ ಬೆಸ ಸಂಖ್ಯೆಯಲ್ಲಿ ತರಕಾರಿ ಪದಾರ್ಥಗಳು. ಆ ತೆನೆಯ ಕಥೆಯನ್ನೋ, ಹಿತ್ತಿಲ ಬಸಳೆ ಚಪ್ಪರದ ಕಥೆಯನ್ನೋ ಒಂದು ನೋಟುಪುಸ್ತಕದಲ್ಲಿ ಮಗುವಿನೊಡನೆ ಚಿತ್ರ ಬಿಡಿಸಿ ಬರೆಯಿರಿ. ಬಸಳೆ ಕೊಯ್ಯುವಾಗ ಮಗುವನ್ನೂ ಕರೆಯಿರಿ.

ಕೆಲವು ಎಚ್ಚರಿಕೆಗಳು

• ಕಥೆಯನ್ನು ಊಟದ ಹೊತ್ತಿನ ಆಮಿಷವಾಗಿಸಬೇಡಿ. ಮಲಗುವ ಮುನ್ನ, ಸಂಜೆಯ ಜಪಸರದ ನಂತರ ಓದಿ.

• “ಪಲ್ಯ ತಿಂದರೆ ಚಾಕಲೇಟ್” ಎನ್ನಬೇಡಿ. ಪಲ್ಯ ಶಿಕ್ಷೆ, ಚಾಕಲೇಟ್ ಬಹುಮಾನ ಎಂದೇ ಮಗು ಕಲಿಯುತ್ತದೆ.

• ದಪ್ಪಗಿರುವ ಮಗುವನ್ನು ಗೇಲಿ ಮಾಡುವ ಕಥೆ ಬೇಡ. ಕೇಳುತ್ತಿರುವ ಮಗುವೂ ನೊಂದೀತು.

• ಅಪ್ಪನೂ ಅದೇ ಪಲ್ಯ ತಿನ್ನಲಿ. ಅಪ್ಪನ ತಟ್ಟೆಯಲ್ಲಿ ಇಲ್ಲದ್ದನ್ನು ಯಾವ ಕಥೆಯೂ ಮಗುವಿಗೆ ತಿನ್ನಿಸಲಾರದು.

• ಮಗುವಿನ ತೂಕ ಏರದಿದ್ದರೆ, ಸದಾ ಸುಸ್ತಾಗಿದ್ದರೆ ಕಥೆ ಸಾಲದು, ವೈದ್ಯರಿಗೆ ತೋರಿಸಿ.

ಮತ್ತೆ ಆ ಮನೆಯಲ್ಲಿ

ಅದೇ ವರ್ಷ ಮೊಂತಿ ಹಬ್ಬದ ಸಂಜೆ ಆ ಮನೆಗೆ ಮತ್ತೆ ಹೋದೆ. “ಅಂದು ನಾನು ಹೇಳಿದ್ದು ತಪ್ಪು, ಯೇಸುಸ್ವಾಮಿಗೆ ನಿನ್ನ ಮೇಲೆ ಕೋಪವಿಲ್ಲ” ಎಂದು ಮೊದಲು ಮಗುವಿಗೆ ಹೇಳಿ, ಬಳಿಕ ದಾನಿಯೇಲನ ಕಥೆ ಹೇಳಿದೆ. “ದಾನಿಯೇಲ ಹರಿವೆ ತಿಂದನಾ?” ಎಂದು ಕೇಳಿತು ಮಗು. “ಯಾವ ಸೊಪ್ಪೆಂದು ಬೈಬಲಿನಲ್ಲಿ ಬರೆದಿಲ್ಲ” ಎಂದೆ. ಮಗು ಬೆರಳಿನಿಂದ ಪಲ್ಯ ಮುಟ್ಟಿ, ಮೂಸಿ, ನಾಲಿಗೆಯ ತುದಿಗೆ ತಾಗಿಸಿ ಮುಖ ಹಿಂಡಿತು. ಅಷ್ಟೇ. ಯಾರೂ ಗದರಲಿಲ್ಲ. ಹೊರಡುವಾಗ ಅದು ಗೇಟಿನವರೆಗೂ ನನ್ನ ಜೊತೆ ಬಂತು.

ಯಾಯೀರನ ಮಗಳನ್ನು ಎಬ್ಬಿಸಿದ ಯೇಸುಸ್ವಾಮಿ, ಆಕೆಗೆ ಊಟ ಕೊಡಿ ಎಂದು ಹೇಳಿದ್ದನ್ನು ಸಂತ ಮಾರ್ಕರು ದಾಖಲಿಸಿದ್ದಾರೆ. ಮಗುವಿನ ಹಸಿವನ್ನು ನೆನಪಿಟ್ಟುಕೊಂಡ ಆ ಸ್ವಾಮಿಯ ಹೆಸರನ್ನು ನಮ್ಮ ಊಟದ ಮೇಜಿನಲ್ಲಿ ಬೆದರಿಕೆಗೆ ಬಳಸದಿರೋಣ. ಇಂದು ರಾತ್ರಿ ಹತ್ತು ನಿಮಿಷ ಟಿವಿ ಆರಿಸಿ, ಮಗುವನ್ನು ಮಡಿಲಿಗೆ ಕರೆದು, ಒಂದು ಕಥೆ ಓದಿ.