ದ್ರಾಕ್ಷಿ ಬಳ್ಳಿ: ನಂಬಿಕೆ ಯಾವುದು, ನಿಜ ಯಾವುದು?

ಜಮಖಂಡಿ ತಾಲ್ಲೂಕಿನ ಸಾವಳಗಿ, ತುಂಗಳ ಸುತ್ತಮುತ್ತ ಕಬ್ಬಿನ ಜೊತೆಗೆ ದ್ರಾಕ್ಷಿ ಪಡಗಳೂ ಕಾಣುತ್ತವೆ. ಪಡ ಇಲ್ಲದವರು ಹಿತ್ತಲಿನಲ್ಲಿ ಒಂದೇ ಬಳ್ಳಿ ನೆಟ್ಟು ಚಪ್ಪರಕ್ಕೆ ಹಬ್ಬಿಸುವುದೂ ಉಂಟು. ಬಳ್ಳಿ ನೆಡುವ, ಕೀಳುವ, ಕತ್ತರಿಸುವ ವಿಷಯದಲ್ಲಿ ಒಬ್ಬರಿಂದೊಬ್ಬರಿಗೆ ಬಂದ ಮಾತುಗಳು ಬಹಳ. ಕೆಲವು ಅನುಭವದಿಂದ ಹುಟ್ಟಿದವು, ಕೆಲವು ಬೇರೆ ಬೆಳೆಗೆ, ಬೇರೆ ಹವೆಗೆ ಹೊಂದುವಂಥವು. ದ್ರಾಕ್ಷಿಯಲ್ಲಿ ಇಂದು ಕಣ್ಣಿಗೆ ಬೀಳುವುದು ತಿಂಗಳುಗಳ ಹಿಂದೆಯೇ ತೀರ್ಮಾನವಾಗಿರುತ್ತದೆ. ಎಲೆ ಹಳದಿಯಾಗಿದ್ದರೆ ಕಾರಣವನ್ನು ಬೇರಿನಲ್ಲಿ ಹುಡುಕಬೇಕು. ಕಡ್ಡಿ ಬರಿದಾಗಿದ್ದರೆ ಕಳೆದ ಬೇಸಿಗೆಯಲ್ಲಿ ಹುಡುಕಬೇಕು. ಇದನ್ನು ಮರೆತಾಗಲೇ ಹೆಚ್ಚಿನ ತಪ್ಪುಗಳಾಗುತ್ತವೆ.

ತಪ್ಪು ಕಲ್ಪನೆ 1: ಸಸಿಯನ್ನು ಆಳವಾಗಿ ನೆಟ್ಟಷ್ಟೂ ಬಳ್ಳಿ ಗಟ್ಟಿ

ಸತ್ಯ: ಕಸಿ ಮಾಡಿದ ಸಸಿಯ ಗಂಟು ಯಾವಾಗಲೂ ಮಣ್ಣಿನ ಮೇಲೆಯೇ ಇರಬೇಕು. ನಮ್ಮ ಕಡೆಯ ಪಡಗಳಲ್ಲಿ ಕೆಳಗಿನ ಬೇರುಸಸಿ ಸಾಮಾನ್ಯವಾಗಿ ಟೆಕ್ಸಾಸ್ ಮೂಲದ ಡಾಗ್‌ರಿಡ್ಜ್. ಮೇಲಿನದು ಥಾಮ್ಸನ್ ಸೀಡ್‌ಲೆಸ್, ಸೋನಾಕಾ, ಮಾಣಿಕ್ ಚಮನ್‌ನಂಥ ತಳಿ. ಬರವನ್ನೂ ಸವಳು ಮಣ್ಣನ್ನೂ ತಡೆದುಕೊಳ್ಳುವ ಶಕ್ತಿ ಇರುವುದು ಕೆಳಗಿನ ಗಿಡಕ್ಕೆ. ಗಂಟು ಮಣ್ಣಿನಲ್ಲಿ ಹೂತುಹೋದರೆ ಮೇಲಿನ ತಳಿ ತನ್ನದೇ ಬೇರು ಬಿಡುತ್ತದೆ. ಆಗ ಕಸಿಗಾಗಿ ಕೊಟ್ಟ ದುಡ್ಡೂ ಹೋಯಿತು, ಕಸಿಯ ಗುಣವೂ ಹೋಯಿತು.

ಆಳವಾಗಿ ನೆಡುವ ಸಲಹೆ ಕ್ಲೆಮಾಟಿಸ್‌ನಂಥ ಶೀತನಾಡಿನ ಹೂಬಳ್ಳಿಗೆ ಸರಿ. ಅದನ್ನು ಕುಂಡದಲ್ಲಿದ್ದುದಕ್ಕಿಂತ ಎರಡು-ಮೂರು ಇಂಚು ಕೆಳಗೆ ನೆಡುತ್ತಾರೆ. ಮೇಲಿನ ಭಾಗ ರೋಗಕ್ಕೆ ಸತ್ತರೂ ನೆಲದೊಳಗಿನ ಕಣ್ಣುಗಳಿಂದ ಮತ್ತೆ ಚಿಗುರಲಿ ಎಂದು. ಆ ಮಾತನ್ನು ಕಸಿ ದ್ರಾಕ್ಷಿಗೆ ತಂದು ಹಚ್ಚಬಾರದು.

ತಪ್ಪು ಕಲ್ಪನೆ 2: ಬೆಳೆದ ಬಳ್ಳಿಯನ್ನೇ ಕಿತ್ತು ನೆಟ್ಟರೆ ಬೇಗ ಹಣ್ಣು

ಸತ್ಯ: ಮನೆ ಕಟ್ಟುವಾಗಲೋ ಹೊಲ ಪಾಲಾಗುವಾಗಲೋ ಹಳೆಯ ಬಳ್ಳಿಯನ್ನು ಬುಡಸಮೇತ ಸ್ಥಳಾಂತರಿಸುವ ಆಸೆ ಸಹಜ. ಆದರೆ ನೀರು, ಗೊಬ್ಬರ ಹೀರುವ ಸಣ್ಣ ಬೇರುಗಳು ಬುಡದಿಂದ ದೂರಕ್ಕೆ ಹರಡಿರುತ್ತವೆ. ಎಷ್ಟೇ ದೊಡ್ಡ ಹೆಂಟೆಯೊಂದಿಗೆ ಎತ್ತಿದರೂ ಬಹುಪಾಲು ಬೇರು ಹಿಂದೆಯೇ ಉಳಿಯುತ್ತದೆ. ಚಳಿನಾಡುಗಳಲ್ಲಿ ಬಳ್ಳಿ ಎಲೆ ಉದುರಿಸಿ ಮಲಗಿದಾಗ ಕಿತ್ತು ನೆಡಬಹುದು. ನಮ್ಮಲ್ಲಿ ದ್ರಾಕ್ಷಿ ಹಾಗೆ ಪೂರ್ತಿ ಮಲಗುವುದೇ ಇಲ್ಲ. ವರ್ಷವಿಡೀ ಎಲೆ, ವರ್ಷವಿಡೀ ನೀರಿನ ಬೇಡಿಕೆ.

ಉತ್ತಮ ದಾರಿ ಬೇರೆಯಿದೆ. ಹೊಸ ಜಾಗದಲ್ಲಿ ಫೆಬ್ರುವರಿ–ಮಾರ್ಚ್ ಹೊತ್ತಿಗೆ ಡಾಗ್‌ರಿಡ್ಜ್ ಬೇರುಸಸಿ ನೆಡಿ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಗಾಳಿಯಲ್ಲಿ ತೇವ ಇರುವಾಗ ನಿಮ್ಮ ಹಳೆಯ ಬಳ್ಳಿಯ ಪೆನ್ಸಿಲ್ ದಪ್ಪದ, ಬಲಿತ ಕಡ್ಡಿಯನ್ನು ಅದಕ್ಕೆ ಕಸಿ ಕಟ್ಟಿಸಿ. ಬೇರುಸಸಿ ನೆಟ್ಟು ಎರಡು ವರ್ಷವಾಗುವ ಹೊತ್ತಿಗೆ ಮೊದಲ ಫಸಲು ಕೈಗೆ ಬರುತ್ತದೆ, ಅದೂ ಅಜ್ಜ ನೆಟ್ಟ ಬಳ್ಳಿಯದೇ ಹಣ್ಣು.

ತಪ್ಪು ಕಲ್ಪನೆ 3: ಎಲೆ ಒಣಗುತ್ತಿದೆ ಎಂದರೆ ನೀರು ಸಾಲದು

ಸತ್ಯ: ಎಲೆಯ ಅಂಚು ಸುಟ್ಟಂತೆ ಕಂದಾಗಿ, ಒಳಗೆ ಹಸಿರು ಉಳಿದಿದ್ದರೆ ಮೊದಲು ಉಪ್ಪನ್ನು ಅನುಮಾನಿಸಿ. ನಮ್ಮ ಎರೆ ಮಣ್ಣು ನೀರನ್ನು ಬೇಗ ಬಿಡುವುದಿಲ್ಲ. ಕಬ್ಬಿಗೆ ಹಾಯಿಸಿದಂತೆ ದ್ರಾಕ್ಷಿಗೂ ನೀರು ಬಿಟ್ಟರೆ ಬೇರಿಗೆ ಗಾಳಿ ಸಿಗದು. ಬಿಸಿಲಿಗೆ ನೀರು ಆರಿದ ಮೇಲೆ ಲವಣ ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ಕೊಳವೆಬಾವಿಯ ನೀರೇ ಸವಳಾಗಿದ್ದರೆ ಹೆಚ್ಚು ನೀರು ಎಂದರೆ ಹೆಚ್ಚು ಉಪ್ಪು.

ಪ್ರಯೋಗಾಲಯದ ವರದಿಯಲ್ಲಿ ಉಪ್ಪಿನ ಪ್ರಮಾಣ ಸೂಚಿಸುವ ‘ಇಸಿ’ ಎಂಬ ಅಂಕಿ ನೋಡಿ. ನೀರಿನ ಇಸಿ ಮೀಟರಿಗೆ 1 ಡೆಸಿಸೀಮನ್ಸ್ ದಾಟಿದಂತೆ ಸ್ವಂತ ಬೇರಿನ ದ್ರಾಕ್ಷಿಯ ಇಳುವರಿಗೆ ಪೆಟ್ಟು ಶುರುವಾಗುತ್ತದೆ. ಡಾಗ್‌ರಿಡ್ಜ್ ಇದಕ್ಕಿಂತ ಹೆಚ್ಚು ತಡೆಯುತ್ತದೆ, ಆದರೆ ಅದಕ್ಕೂ ಮಿತಿಯಿದೆ. ಹನಿ ನೀರಾವರಿ, ಬುಡಕ್ಕೆ ಕಬ್ಬಿನ ರವದಿಯ ಹೊದಿಕೆ, ಹೆಚ್ಚುವರಿ ನೀರು ಹರಿದುಹೋಗಲು ಬಸಿಗಾಲುವೆ, ಈ ಮೂರೂ ಸೇರಿದರೆ ಮಾತ್ರ ಬೇರು ಉಳಿಯುತ್ತದೆ.

ತಪ್ಪು ಕಲ್ಪನೆ 4: ಫಸಲು ನಿರ್ಧಾರವಾಗುವುದು ಅಕ್ಟೋಬರ್ ಚಾಟ್ನಿಯಲ್ಲಿ

ಸತ್ಯ: ಈ ಒಂದು ನಂಬಿಕೆಯಿಂದ ಆಗುವಷ್ಟು ನಷ್ಟ ಬೇರೆಯದರಿಂದ ಆಗದು. ನಮ್ಮಲ್ಲಿ ವರ್ಷಕ್ಕೆ ಎರಡು ಚಾಟ್ನಿ (ಕಡ್ಡಿ ಕತ್ತರಿಸುವ ಕೆಲಸ), ಒಂದೇ ಬೆಳೆ. ಏಪ್ರಿಲ್ ಚಾಟ್ನಿಯ ನಂತರ ಹೊಸ ಕಡ್ಡಿ ಬೆಳೆಯುತ್ತದೆ. ಸುಮಾರು 40ರಿಂದ 60ನೇ ದಿನದ ನಡುವೆ ಆ ಕಡ್ಡಿಯ ಕಣ್ಣಿನೊಳಗೆ ಮುಂದಿನ ಗೊನೆಯ ಮೊಳಕೆ ಮೂಡುತ್ತದೆ. ಅಕ್ಟೋಬರ್‌ನಲ್ಲಿ ಕತ್ತರಿ ಹಾಕುವುದು ಆಗಲೇ ಸಿದ್ಧವಾಗಿರುವ ಗೊನೆಯನ್ನು ಹೊರಗೆ ಕರೆಯಲು ಮಾತ್ರ.

ಆದ್ದರಿಂದ ಮೇ–ಜೂನ್ ತಿಂಗಳಲ್ಲಿ ಪಡದ ಕಡೆ ಬೆನ್ನು ಹಾಕಬಾರದು. ಕಡ್ಡಿಗಳು ಒತ್ತೊತ್ತಾಗಿ ಬೆಳೆದು ಕಣ್ಣಿಗೆ ಬಿಸಿಲು ಬೀಳದಿದ್ದರೆ ಗೊನೆಯ ಬದಲು ಬರೀ ನುಲಿಬಳ್ಳಿ ಬರುತ್ತದೆ. ಹೆಚ್ಚುವರಿ ಚಿಗುರು ತೆಗೆದು ಬೆಳಕು ಬಿಡಿ. ಆ ದಿನಗಳಲ್ಲಿ ಸಾರಜನಕ ಮತ್ತು ನೀರನ್ನು ಹಿಡಿತದಲ್ಲಿಡಿ. ಡಾಗ್‌ರಿಡ್ಜ್ ಮೊದಲೇ ಸೊಕ್ಕಿ ಬೆಳೆಯುವ ಬೇರು, ಯೂರಿಯಾ ಸುರಿದರೆ ಎಲೆಯೇ ಎಲೆ. ಅಕ್ಟೋಬರ್ ಚಾಟ್ನಿಗೆ ಮುಂಚೆ ಕೆಲವು ಕಡ್ಡಿಗಳನ್ನು ಪ್ರಯೋಗಾಲಯಕ್ಕೆ ಕೊಟ್ಟರೆ ಕಣ್ಣು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಯಾವ ಕಣ್ಣಿನಲ್ಲಿ ಗೊನೆ ಇದೆ ಎಂದು ಹೇಳುತ್ತಾರೆ. ಎಲ್ಲಿ ಕತ್ತರಿಸಬೇಕೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಆಧಾರವಿಲ್ಲ.

ಹಿತ್ತಲಿನ ಒಂಟಿ ಬಳ್ಳಿಗೂ ಇದೇ ನಿಯಮ. ಕತ್ತರಿಸಿದರೆ ಬಳ್ಳಿ ಸೊರಗುತ್ತದೆ ಎಂದು ಹೆದರಿ ಬಿಟ್ಟವರ ಚಪ್ಪರ ನೆರಳು ಕೊಡುತ್ತದೆ, ಹಣ್ಣು ಕೊಡುವುದಿಲ್ಲ.

ತಪ್ಪು ಕಲ್ಪನೆ 5: ರೋಗ ಕಂಡ ಮೇಲೆ ಮೈಲುತುತ್ತ ಹೊಡೆದರಾಯಿತು

ಸತ್ಯ: ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಅವುಗಳಿಗೆ ಮಾತ್ರ ರೋಗ ತಗುಲದ್ದನ್ನು ಗಮನಿಸಿದ ವಿಜ್ಞಾನಿ ಮಿಲ್ಲಾರ್ಡೆ 1885ರಲ್ಲಿ ಈ ದ್ರಾವಣವನ್ನು ಲೋಕಕ್ಕೆ ತಿಳಿಸಿದರು. ಆ ಬಳ್ಳಿಗಳು ಉಳಿದದ್ದು ರೋಗಕ್ಕೆ ಮೊದಲೇ ಲೇಪವಾಗಿದ್ದರಿಂದ. ಶೇ 1ರ ಬೋರ್ಡೋ ದ್ರಾವಣ (100 ಲೀಟರ್ ನೀರಿಗೆ ತಲಾ 1 ಕೆ.ಜಿ. ಮೈಲುತುತ್ತ ಮತ್ತು ಸುಣ್ಣ) ಎಲೆಯ ಮೇಲೆ ಕಾವಲು ನಿಲ್ಲುತ್ತದೆ, ಒಳಗೆ ಹೊಕ್ಕ ಡೌನಿ ರೋಗವನ್ನು ವಾಸಿ ಮಾಡುವುದಿಲ್ಲ. ಮೋಡ, ಮಳೆಯ ಮುನ್ಸೂಚನೆ ಇದ್ದಾಗಲೇ ಸಿಂಪಡಿಸಬೇಕು. ಒಣ ಹವೆಯಲ್ಲೂ ಬರುವ ಬೂದಿ ರೋಗ ಬೇರೆಯೇ, ಅದಕ್ಕೆ ಗಂಧಕ ಬೇಕು. ತಾಮ್ರ ಮಣ್ಣಿನಲ್ಲಿ ಉಳಿದು ಕೂಡುತ್ತ ಹೋಗುವುದರಿಂದ ಬೇಕಾಬಿಟ್ಟಿ ಸಿಂಪಡಣೆಯೂ ಸಲ್ಲದು.

ತಪ್ಪು ಕಲ್ಪನೆ 6: ಚಾಟ್ನಿ ನಂತರದ ಪೇಸ್ಟ್ ಹಚ್ಚುವುದು ಹಗುರ ಕೆಲಸ

ಸತ್ಯ: ಕಣ್ಣುಗಳು ಒಟ್ಟಿಗೆ ಒಡೆಯಲೆಂದು ಕಡ್ಡಿಗೆ ಹಚ್ಚುವ ಹೈಡ್ರೋಜನ್ ಸಯನಮೈಡ್ ವಿಷ. ಚರ್ಮವನ್ನು ಸುಡುತ್ತದೆ, ಮೈಯೊಳಗೆ ಇಳಿಯುತ್ತದೆ. ಹಚ್ಚುವ ಮೊದಲಾಗಲಿ, ಹಚ್ಚಿದ ನಂತರದ ದಿನಗಳಲ್ಲಾಗಲಿ ಮದ್ಯ ಕುಡಿದರೆ ಜೀವಕ್ಕೇ ಅಪಾಯ. ಬರಿಗೈಯಲ್ಲಿ ಅರಿವೆ ಅದ್ದಿ ಹಚ್ಚಿಸುವುದು ತಪ್ಪು. ರಬ್ಬರ್ ಕೈಗವಸು, ಪೂರ್ತಿ ತೋಳಿನ ಬಟ್ಟೆ, ಕನ್ನಡಕ, ಕೈ ತೊಳೆಯಲು ನೀರು, ಸಾಬೂನು ಒದಗಿಸುವುದು ಪಡದ ಮಾಲೀಕರ ಹೊಣೆ. ಕೂಲಿಗೆ ಬಂದವರ ಆರೋಗ್ಯಕ್ಕಿಂತ ದೊಡ್ಡ ಫಸಲು ಇಲ್ಲ.

ತಪ್ಪು ಕಲ್ಪನೆ 7: ಬೀಜವಿಲ್ಲದ ದ್ರಾಕ್ಷಿ ಇಂಜೆಕ್ಷನ್ ಮಾಡಿದ್ದು, ಮೇಲಿನ ಬಿಳಿ ಪುಡಿ ಔಷಧಿ

ಸತ್ಯ: ಎರಡೂ ಅಲ್ಲ. ಥಾಮ್ಸನ್ ಜಾತಿಯಲ್ಲಿ ಬೀಜ ಕಟ್ಟಲು ಶುರುವಾಗಿ ಎಳೆಯದಿರುವಾಗಲೇ ನಿಂತುಹೋಗುತ್ತದೆ. ಅದು ಬಳ್ಳಿಯ ಹುಟ್ಟುಗುಣ, ಕಡ್ಡಿಯ ಮೂಲಕ ಮುಂದುವರಿಯುತ್ತದೆ. ಬೆಳೆಗಾರರು ಬಳಸುವ ಜಿಬ್ಬರೆಲಿಕ್ ಆಮ್ಲ ಕಾಯಿ ಗಾತ್ರ ಹಿಗ್ಗಿಸಲು. ಬೀಜವಿರುವ ಕಾಯಿಗೆ ಆ ಹಾರ್ಮೋನನ್ನು ಬೀಜವೇ ಕೊಡುತ್ತದೆ.

ಬಿಳಿ ಪುಡಿಯಂತೆ ಕಾಣುವುದು ಹಣ್ಣು ತಾನೇ ಹೊದ್ದ ಮೇಣ; ಒಳಗಿನ ನೀರು ಆರದಂತೆ ಕಾಯುತ್ತದೆ. ಅದಕ್ಕೇ ಒಣದ್ರಾಕ್ಷಿ ಮಾಡುವಾಗ ಮೊದಲು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ದ್ರಾವಣದಲ್ಲಿ ಅದ್ದಿ ಆ ಮೇಣವನ್ನು ಸಡಿಲಿಸುತ್ತಾರೆ. ಹಾಗೆಂದು ತೊಳೆಯದೆ ತಿನ್ನಬೇಡಿ. ಔಷಧಿಯ ಉಳಿಕೆ ಕಣ್ಣಿಗೆ ಕಾಣುವುದಿಲ್ಲ. ಬೆಳೆಗಾರರು ಕೊನೆಯ ಸಿಂಪಡಣೆಗೂ ಕೊಯ್ಲಿಗೂ ನಡುವೆ ಲೇಬಲ್ ಹೇಳಿದಷ್ಟು ದಿನ ಬಿಡಬೇಕು.

ಕಂಬ, ತಂತಿ, ಹನಿ ಕೊಳವೆಗೆ ಲಕ್ಷಗಟ್ಟಲೆ ಹಾಕುವ ರೈತ ಮಣ್ಣು–ನೀರಿನ ಪರೀಕ್ಷೆಗೆ ಹಿಂದೇಟು ಹಾಕುವುದನ್ನು ನೋಡಿದಾಗ ಸಂಕಟವಾಗುತ್ತದೆ. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಪುಣೆಯ ಮಾಂಜರಿಯಲ್ಲಿ 1997ರಿಂದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವಿದೆ. ನೆಡುವ ಮುಂಚೆ ಮಣ್ಣು ಮತ್ತು ನೀರು, ಅಕ್ಟೋಬರ್‌ಗೆ ಮುಂಚೆ ಕಡ್ಡಿ: ಈ ಎರಡು ಪರೀಕ್ಷೆ ಮಾಡಿಸಿದವರಿಗೆ ಯಾರ ಮಾತು ನಂಬಬೇಕೆಂಬ ಗೊಂದಲ ಉಳಿಯುವುದಿಲ್ಲ.