ನಿಮಗಿದು ಗೊತ್ತೆ? ಹಗುರ ಸೈಕಲ್ಲಿಗೂ ಭಾರಮಿತಿಯುಂಟು

ಕೂದಲಿಗಿಂತ ಸಪೂರವಾದ ಇಂಗಾಲದ ಎಳೆಗಳನ್ನು ಎಪಾಕ್ಸಿ ಎಂಬ ಅಂಟುರಾಳದೊಡನೆ ಪದರಪದರವಾಗಿ ಅಚ್ಚಿನಲ್ಲಿ ಹಾಸಿ, ಕಾಯಿಸಿ ಗಟ್ಟಿಗೊಳಿಸಿದ ಕಾರ್ಬನ್ ಫ್ರೇಮುಗಳಲ್ಲಿ ಅತಿ ಹಗುರವಾದವು ಒಂದು ಕಿಲೋ ಕೂಡ ತೂಗುವುದಿಲ್ಲ. ಇವುಗಳಿಗೆ ತಯಾರಕರು ನಿಗದಿಪಡಿಸುವ ಭಾರಮಿತಿ ಕೆಲವೊಮ್ಮೆ ಸವಾರನ ತೂಕವನ್ನಷ್ಟೇ ಸೂಚಿಸಿದರೆ, ಅನೇಕ ವೇಳೆ ಸವಾರ, ಸೈಕಲ್ಲು, ನೀರಿನ ಬಾಟಲಿ, ಚೀಲ ಎಲ್ಲವೂ ಸೇರಿದ ಒಟ್ಟು ತೂಕವಾಗಿರುತ್ತದೆ. ಒಟ್ಟು ಮಿತಿ 120 ಕಿಲೋ ಇರುವ 8 ಕಿಲೋ ಸೈಕಲ್ಲಿಗೆ 4 ಕಿಲೋ ಸಾಮಾನು ಹೇರಿದರೆ ಸವಾರನ ಪಾಲಿಗೆ ಉಳಿಯುವುದು 108 ಕಿಲೋ.

ಮಿತಿಯೊಳಗಿದ್ದ ಮಾತ್ರಕ್ಕೆ ಅಪಾಯ ತಪ್ಪಿತೆಂದಲ್ಲ. ಈ ಎಳೆಗಳು ತಮ್ಮ ಉದ್ದಕ್ಕೆ ಬೀಳುವ ಸೆಳೆತವನ್ನು ಸಮರ್ಥವಾಗಿ ತಾಳಿಕೊಂಡರೂ ಅಡ್ಡಪೆಟ್ಟಿಗೆ ಸುಲಭವಾಗಿ ಸೋಲುತ್ತವೆ. ಉಕ್ಕಿನ ಕೊಳವೆ ಸಾಮಾನ್ಯವಾಗಿ ಮೊದಲು ನೆಗ್ಗಿ ಅಥವಾ ಡೊಂಕಾಗಿ ಸುಳಿವು ಕೊಟ್ಟರೆ, ಕಾರ್ಬನ್ನಿನಲ್ಲಿ ಮೇಲಿನ ಬಣ್ಣ ಹಾಗೆಯೇ ಇದ್ದು ಒಳಗಿನ ಪದರಗಳು ಬಿಟ್ಟುಕೊಂಡಿರಬಹುದು. ಅಂಥ ಫ್ರೇಮು ಮುಂದೊಂದು ದಿನ ಚಕ್ರ ಗುಂಡಿಗಿಳಿದಾಗ ಏಕಾಏಕಿ ಮುರಿದೀತು. ನಾಣ್ಯದಿಂದ ತಟ್ಟುತ್ತ ಹೋದಾಗ ಒಂದು ಜಾಗದಲ್ಲಷ್ಟೇ ಸದ್ದು ಮಂದವಾದರೆ ಅನುಮಾನಕ್ಕೆ ಕಾರಣವುಂಟು, ಆದರೆ ಇದು ತಜ್ಞರ ತಪಾಸಣೆಗೆ ಬದಲಿಯಲ್ಲ. ಸೀಟಿನ ಬೋಲ್ಟನ್ನು ಅತಿಯಾಗಿ ಬಿಗಿದರೂ ಕೊಳವೆ ಬಿರಿಯುವುದರಿಂದ, ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ಪಾನಾ ಬಳಸುವುದು ರೂಢಿ.

ಸ್ಪರ್ಧೆಗಳಲ್ಲಂತೂ ಹಗುರತನದ ಹುಚ್ಚಿಗೆ 2000ದಲ್ಲೇ ಕಡಿವಾಣ ಬಿದ್ದಿದ್ದು, ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ ಸೈಕಲ್ಲು 6.8 ಕಿಲೋಗಿಂತ ಕಡಿಮೆ ತೂಗುವಂತಿಲ್ಲ.