ಕಬ್ಬಿನ ಬಿಲ್ಲು ಮತ್ತು ಎರಡು ಬಗೆಯ ಮೆಥಡ್‌ಗಳು

ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಸೀಮೆಯ ಬೇಡಕಿಹಾಳದ ಸುತ್ತಮುತ್ತ ಕಬ್ಬು ನುರಿಸುವ ಹಂಗಾಮು ತೊಡಗಿತೆಂದರೆ ಕಬ್ಬು ಹೇರಿದ ಗಾಡಿಗಳು ಹಗಲಿರುಳೆನ್ನದೆ ಕಾರ್ಖಾನೆಗಳತ್ತ ಸಾಗುತ್ತವೆ. ತೂಕವಾದೊಡನೆ ರೈತನ ಕೈಗೆ ಚೀಟಿ ಬರುತ್ತದೆ; ಮುಂದಿನ ಲೆಕ್ಕವೆಲ್ಲ ಗಣಕಯಂತ್ರದ ಪಾಲಿನದು. ಅಂತಹ ಲೆಕ್ಕದ ಕ್ರಮವಿಧಿಯನ್ನು, ಎಂದರೆ ಪ್ರೋಗ್ರಾಮನ್ನು, ನಾವೇ ಬರೆಯಲು ಕುಳಿತೆವೆಂದು ವಾಚಕರು ಭಾವಿಸಲಿ.

ಖಾಲಿ ಪಾಸ್‌ಬುಕ್ಕಿನ ನಮೂನೆ ಒಂದೇ; ರೈತರ ಹೆಸರಿನಲ್ಲಿ ತುಂಬಿದ ಪುಸ್ತಕಗಳು ಸಾವಿರಾರು. ಕ್ರಮವಿಧಿಕಾರರು ಆ ನಮೂನೆಯನ್ನು ‘ಕ್ಲಾಸ್’ ಎಂದೂ ಒಂದೊಂದು ಪುಸ್ತಕವನ್ನು ‘ಆಬ್ಜೆಕ್ಟ್’ ಎಂದೂ ಕರೆಯುತ್ತಾರೆ. ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ಎಂಬುವರು ‘ಸಿಮುಲಾ 67’ ಭಾಷೆಯಲ್ಲಿ ಈ ಕಲ್ಪನೆಗೆ ರೂಪಕೊಟ್ಟರು.

ಹಣ ಜಮಾ ಮಾಡುವ ಕೆಲಸಕ್ಕೆ ಪುಸ್ತಕ ಯಾರದೆಂಬುದು ತಿಳಿದಿರಲೇಬೇಕು. ಇಂತಹ ಕೆಲಸವೇ ಇನ್‌ಸ್ಟನ್ಸ್ ಮೆಥಡ್. ಅದನ್ನು ಕರೆದಾಗ ಆ ಪುಸ್ತಕವೂ ಜೊತೆಯಲ್ಲಿಯೇ ಹೋಗುತ್ತದೆ. ಜಾವಾ ಭಾಷೆಯಲ್ಲಿ ಇದು ಮರೆಯಲ್ಲಿ ನಡೆಯುತ್ತದೆ. ಪೈಥಾನಿನಲ್ಲಿ ‘ಸೆಲ್ಫ್’ ಎಂದು ಎದುರಿಗೇ ಬರೆಯುವುದು ವಾಡಿಕೆ. ಕಲಿಯುವವರಿಗೆ ಪೈಥಾನಿನ ಪದ್ಧತಿಯೇ ಮೇಲೆಂದು ನಮಗೆ ತೋರುತ್ತದೆ. ಇನ್ನು, 12 ಟನ್ ಕಬ್ಬು ಯಾರದೇ ಆಗಿರಲಿ, ಅದು 120 ಕ್ವಿಂಟಲೇ. ಈ ಲೆಕ್ಕಕ್ಕೆ ಯಾರ ಪುಸ್ತಕವೂ ಬೇಡ. ಇದು ಸ್ಟಾಟಿಕ್ ಮೆಥಡ್. ಜಾವಾ ಕ್ರಮವಿಧಿಯು ಆರಂಭವಾಗುವ ‘ಮೇನ್’ ಬಹುಕಾಲ ಸ್ಟಾಟಿಕ್ ಆಗಿಯೇ ಇರಬೇಕಾಗಿತ್ತು. ಆ ಹೊತ್ತಿಗೆ ಒಂದು ಆಬ್ಜೆಕ್ಟೂ ಹುಟ್ಟಿರುವುದಿಲ್ಲವಷ್ಟೆ. 2025ರ ಜಾವಾ 25ರಲ್ಲಿ ಈ ಕಟ್ಟು ಸಡಿಲವಾಯಿತು.

ಸ್ಟಾಟಿಕ್ ಮೆಥಡನ್ನು ಕರೆಯುವುದು ಸುಲಭ. ಆದುದರಿಂದಲೇ ಹೊಸಬರು ಅದಕ್ಕೆ ಮರುಳಾಗುತ್ತಾರೆ. ಜಮಾ ಮಾಡುವುದನ್ನೂ ಸ್ಟಾಟಿಕ್ ಎಂದು ಬರೆದರೆ ಏನಾದೀತು? ಅದರ ಕೈಯಲ್ಲಿ ಯಾರ ಪುಸ್ತಕವೂ ಇಲ್ಲದ್ದರಿಂದ, ಬಾಕಿಯನ್ನು ನಮೂನೆಗೇ ಸೇರಿದ ಒಂದು ಸಾಮಾನ್ಯ ಸ್ಥಳದಲ್ಲಿ ಇಡಬೇಕಾಗುತ್ತದೆ. ಟನ್ನಿಗೆ 3,896 ರೂಪಾಯಿ ದರವೆಂದು ಇಟ್ಟುಕೊಳ್ಳೋಣ. ಈ ದರ ಬಂದ ಬಗೆಯನ್ನು ಮುಂದೆ ಹೇಳುವೆವು. 12 ಟನ್ ಕಳಿಸಿದವನಿಗೆ 46,752 ರೂಪಾಯಿ, 9 ಟನ್ ಕಳಿಸಿದವನಿಗೆ 35,064 ರೂಪಾಯಿ ಸಲ್ಲಬೇಕು. ಆದರೆ ಯಂತ್ರವು ಇಬ್ಬರಿಗೂ 81,816 ಎಂದು ತೋರಿಸುತ್ತದೆ! ಮೂರನೆಯ ಗಾಡಿ ಬಂದರೆ ಮೂವರ ಬಾಕಿಯೂ ಬೆಳೆಯುತ್ತದೆ.

ಇಷ್ಟು ದೊಡ್ಡ ತಪ್ಪು ಮೊದಲ ದಿನವೇ ಬಯಲಾಗುವುದು. ದರದ ಲೆಕ್ಕದಲ್ಲಿರುವ ತೊಡಕು ಹೆಚ್ಚು ನವಿರಾದುದು. ಕೇಂದ್ರ ಸರಕಾರವು 2025-26ರ ಹಂಗಾಮಿಗೆ ಗೊತ್ತುಮಾಡಿದ ಎಫ್‌ಆರ್‌ಪಿಯು ಶೇಕಡ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ, ಇಳುವರಿ 0.1 ಹೆಚ್ಚಿದಂತೆಲ್ಲ 3.46 ರೂಪಾಯಿ ಸೇರುತ್ತದೆ. ಕಾರ್ಖಾನೆಯ ಇಳುವರಿ 11.25 ಆದರೆ ಕ್ವಿಂಟಲಿಗೆ 389.60 ರೂಪಾಯಿ. ನಮ್ಮ 3,896 ಬಂದುದು ಹೀಗೆ. (ಕಟಾವು, ಸಾಗಾಣಿಕೆಗಳ ಖರ್ಚನ್ನು ಇಲ್ಲಿ ಕಳೆದಿಲ್ಲ.)

ಈ ಲೆಕ್ಕ ರೈತನ ಹೆಸರನ್ನು ಕೇಳುವುದಿಲ್ಲ. ಇಳುವರಿ ಗೊತ್ತಾದರೆ ಸಾಕು. ಹಾಗಾದರೆ ಸ್ಟಾಟಿಕ್ ಎಂದು ಬರೆಯಬಹುದಲ್ಲವೆ? ಬರೆಯಬಹುದು, ಆದರೆ 355 ಮತ್ತು 3.46 ಎಂಬ ಅಂಕಿಗಳನ್ನು ಅದರೊಳಗೆ ಹುದುಗಿಸಿದರೆ ಕೆಟ್ಟೆವು. ಹಿಂದಿನ 2024-25ರ ಹಂಗಾಮಿನಲ್ಲಿ ಅವು 340 ಮತ್ತು 3.32 ಆಗಿದ್ದುವು. ಬ್ಯಾಂಕಿಗೆ ಕೊಡಲು ರೈತನೊಬ್ಬನು ಹಳೆಯ ಬಿಲ್ಲಿನ ಪ್ರತಿ ಕೇಳಿದನೆನ್ನಿ. ಇಳುವರಿ ಅಷ್ಟೇ ಇದ್ದರೂ ಅವನ 12 ಟನ್ನಿಗೆ ಆಗ ಸಂದದ್ದು 44,784 ರೂಪಾಯಿ. ಹೊಸ ಅಂಕಿಗಳುಳ್ಳ ಯಂತ್ರ 46,752 ಎಂದು ಅಚ್ಚುಹಾಕುತ್ತದೆ. ಈ 1,968 ರೂಪಾಯಿಯ ಅಂತರ ಕಣ್ಣಿಗೆ ಬೀಳಲು ತಿಂಗಳುಗಳೇ ಹಿಡಿದಾವು. ಅಷ್ಟರಲ್ಲಿ ರೈತನ ಮಾತನ್ನೇ ಬ್ಯಾಂಕು ಶಂಕಿಸೀತು.

ರೈತನಿಗೆ ಸೇರದ ಈ ದರವು ಹಂಗಾಮಿಗೆ ಸೇರಿದುದು. ಆದುದರಿಂದ ‘ಹಂಗಾಮು’ ಎಂಬ ಬೇರೊಂದು ಕ್ಲಾಸನ್ನು ರಚಿಸಿ, ಮೂಲಬೆಲೆಯನ್ನೂ ಹೆಚ್ಚುವರಿಯನ್ನೂ ಅದರ ಒಂದೊಂದು ಆಬ್ಜೆಕ್ಟಿನಲ್ಲಿ ಇಡುವುದೇ ನಮಗೆ ಸರಿಕಾಣುತ್ತದೆ. ಆಗ ದರ ಹೇಳುವುದು ಆ ಕ್ಲಾಸಿನ ಇನ್‌ಸ್ಟನ್ಸ್ ಮೆಥಡ್ ಆಗುತ್ತದೆ. ಅದೇ 11.25ನ್ನು ಕೊಟ್ಟು 2024-25ರ ಆಬ್ಜೆಕ್ಟನ್ನು ಕೇಳಿದರೆ 373.20 ಎನ್ನುತ್ತದೆ, 2025-26ರದನ್ನು ಕೇಳಿದರೆ 389.60.